ತಂಗಿಯ ದನಿ ಹುಡುಕಿ ಹೊರಟ ಮಾರೆಮ್ಮ

ಬಳ್ಳಾರಿಯ ಕೌಲ್ ಬಜಾರಿನ ಒಂದು ಸಂದಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಘಟಕವಿದೆ. ಅಲ್ಲಿ ಜಿಪ್ ಕೂರಿಸುವ ಮಿಷನ್ನಿನ ಮುಂದೆ ಮಾರೆಮ್ಮ ಕೂತು ಎಷ್ಟೋ ವರ್ಷವಾಯಿತು. ಬಟ್ಟೆಯ ನೀಲಿ ಅವಳ ಉಗುರಿನ ಸಂದಿಗೆ ಇಳಿದುಬಿಟ್ಟಿದೆ, ತಿಕ್ಕಿದರೂ ಹೋಗುವುದಿಲ್ಲ. ಮದುವೆಯಾದ ಮರುವರ್ಷವೇ ಗಂಡ ಕಾಮಾಲೆಯಿಂದ ತೀರಿಕೊಂಡ. ಮತ್ತೊಂದು ಮದುವೆಯ ಮಾತು ಬಂದಾಗ ಅವಳು ಒಲ್ಲೆ ಎಂದಳು. ತಂಗಿ ಹನುಮಮ್ಮನ ಮನೆಯೇ ಅವಳ ಮನೆಯಾಯಿತು.

ಅಕ್ಕ ತಂಗಿ ಇಬ್ಬರೂ ಕೊಳಗಲ್ಲಿನವರು. ತಾಯಿ ಕಳೆ ತೆಗೆಯಲು ಹೋದಲ್ಲೆಲ್ಲ ಹಾಡುತ್ತಿದ್ದಳು, ಮಕ್ಕಳಿಬ್ಬರೂ ಸಾಲಿನ ಹಿಂದೆ ಹಾಡುತ್ತ ಹೋಗುತ್ತಿದ್ದರು. ಒಂದು ವರ್ಷ ಊರಿನ ಹುಡುಗರಿಗೆ ನಾಟಕ ಕಲಿಸಲು ಹಾರ್ಮೋನಿಯಂ ಮಾಸ್ತರ ಗಾದಿಲಿಂಗಪ್ಪ ಬಂದಿದ್ದರು. ನಾಯಕಿಯ ಪಾತ್ರಕ್ಕೆ ಹೊಸಪೇಟೆಯಿಂದ ಬರಬೇಕಿದ್ದ ಕಲಾವಿದೆ ಕೊನೆಗಳಿಗೆಯಲ್ಲಿ ಕೈಕೊಟ್ಟಳು. ಬಾವಿಕಟ್ಟೆಯ ಹತ್ತಿರ ಹಾಡಿಕೊಳ್ಳುತ್ತಿದ್ದ ಹನುಮಮ್ಮನನ್ನು ಮಾಸ್ತರು ಕರೆದು ನಿಲ್ಲಿಸಿದರು. ಅಂದಿನಿಂದ ಅವಳು ರಂಗದಿಂದ ಇಳಿದದ್ದೇ ಇಲ್ಲ.

"ಹನುಮಮ್ಮ ಅನ್ನೋ ಹೆಸರು ಬ್ಯಾನರಿಗೆ ಹೊಂದಂಗಿಲ್ಲವ್ವ," ಎಂದರು ಮಾಸ್ತರು. "ಹನುಮಪ್ಪನ ತಾಯಿ ಹೆಸರು ಇಟ್ಟುಬಿಡೋಣು. ದೇವರಿಗೂ ಸಿಟ್ಟು ಬರಂಗಿಲ್ಲ."

ಹಾಗೆ ಹನುಮಮ್ಮ ಅಂಜನಾ ಬಳ್ಳಾರಿ ಆದಳು. ಕುರುಗೋಡು, ಸಿರುಗುಪ್ಪ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ನಾಟಕದ ಹಂಗಾಮು ಶುರುವಾದರೆ ಅವಳಿಗೆ ಪುರುಸೊತ್ತಿಲ್ಲ. ಊರಿನ ಹುಡುಗರು ಗಂಡು ಪಾತ್ರ ಮಾಡುವರು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಇವಳು. ಬಸ್ ನಿಲ್ದಾಣದ ಗೋಡೆಯ ಮೇಲೆ, ಹೋಟೆಲಿನ ಮುಂದೆ ಅವಳ ಚಿತ್ರವಿರುವ ಬ್ಯಾನರುಗಳು. ಹೆಣ್ಣುಮಗಳು ಒಬ್ಬಳೇ ಊರೂರು ತಿರುಗುವುದು ಹೇಗೆ? ಮಾರೆಮ್ಮ ಜೊತೆಗೆ ಹೊರಡುವಳು. ಸೀರೆಯ ಪೆಟ್ಟಿಗೆ, ಬಣ್ಣದ ಡಬ್ಬಿ, ಬಿಸಿನೀರಿನ ಫ್ಲಾಸ್ಕು ಅವಳ ಕೈಯಲ್ಲಿ. ತಂಗಿ ರಂಗದ ಮೇಲಿದ್ದರೆ ಇವಳು ಪರದೆಯ ಹಿಂದೆ ಮುಂದಿನ ದೃಶ್ಯದ ಸೀರೆಗೆ ನೆರಿಗೆ ಹಿಡಿಯುತ್ತಿರುವಳು. ಕುಡಿದು ಬಂದು ಒಳಗೆ ಇಣುಕುವವರನ್ನು ಗದರಿಸಿ ಕಳಿಸುವಳು. ಹನುಮಮ್ಮನ ಗಂಡ ಚಿನ್ನಪ್ಪ ಲಾರಿ ಡ್ರೈವರ್, ಹೆಂಡತಿ ಬಸುರಿಯಿದ್ದಾಗ ಲೋಡು ತಗೊಂಡು ಹೋದವನು ತಿರುಗಿ ಬರಲಿಲ್ಲ. ಮಗಳು ನಂದಿನಿ ಹುಟ್ಟಿದ ಮೇಲೆ ಅವಳನ್ನೂ ಅದೇ ಪರದೆಯ ಹಿಂದೆ, ಮಡಚಿಟ್ಟ ಇನ್ನೊಂದು ಪರದೆಯ ಮೇಲೆ ಮಲಗಿಸುತ್ತಿದ್ದರು. ಶಾಲೆಗೆ ಹಚ್ಚಿದ ಮೇಲೆ ಪಕ್ಕದ ಮನೆಯ ಸುಂಕಮ್ಮ ನೋಡಿಕೊಂಡಳು.

"ಒಂದ್ಸಲರ ಮುಂದ ಜನದಾಗ ಕುಂತು ನೋಡಕ್ಕ," ಎಂದು ಹನುಮಮ್ಮ ಅನ್ನುತ್ತಲೇ ಇದ್ದಳು.

"ನಿನ್ನ ಸೀರಿ ಯಾರು ಹಿಡಿಬೇಕು? ನಿಮ್ಮಪ್ಪ ಬರ್ತಾನೇನು?"

ಇಬ್ಬರೂ ನಗುತ್ತಿದ್ದರು.

ಹನುಮಮ್ಮನಿಗೆ ಹೆಸರು ತಂದದ್ದು ಒಂದು ಹಾಡು. ಗಾದಿಲಿಂಗಪ್ಪ ಮಾಸ್ತರೇ ಕಟ್ಟಿದ್ದು. ಗಂಡ ಸತ್ತು ದಿಕ್ಕು ತಪ್ಪಿದ ತಾಯಿಯೊಬ್ಬಳು ನಸುಕಿನಲ್ಲಿ ಕೂಸನ್ನು ಬಂಧುಗಳ ಮನೆಯ ಕಟ್ಟೆಯ ಮೇಲೆ ಮಲಗಿಸಿ ಹೋಗುವ ದೃಶ್ಯ.

"ನಿದ್ದಿ ಮಾಡೊ ಕಂದಾ, ಬೆಳಕು ಹರಿಯೋತನ,
ಎದ್ದ ಮ್ಯಾಲ ಕೇಳಬ್ಯಾಡೊ ಅವ್ವ ಎಲ್ಲಿ ಅಂತ."

ಈ ಹಾಡಿಗೆ ಸಿಳ್ಳೆ ಹಾಕುವವರೂ ಸುಮ್ಮನಾಗುತ್ತಿದ್ದರು. ಹಿಂದಿನ ಸಾಲಿನ ಮುದುಕಿಯರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವುದು ಪರದೆಯ ಹಿಂದಿದ್ದ ಮಾರೆಮ್ಮನಿಗೂ ಕೇಳುತ್ತಿತ್ತು.

ಹನುಮಮ್ಮನ ದನಿ ಮೊದಲು ಒರಟಾಯಿತು. ಧೂಳು, ರಾತ್ರಿಯ ಇಬ್ಬನಿ ಅಂದುಕೊಂಡರು. ಶುಂಠಿ ಕಷಾಯ ಕುಡಿದಳು, ಜೇನುತುಪ್ಪ ನೆಕ್ಕಿದಳು. ಎರಡು ಹಂಗಾಮು ಹೀಗೇ ಎಳೆದಳು. ಮೂರನೆಯದಕ್ಕೆ ಮೇಲಿನ ಸ್ವರ ಹತ್ತಲೇ ಇಲ್ಲ. ಆಸ್ಪತ್ರೆಗೆ ಹೋಗೋಣ ಅಂದರೆ, "ಊರವರಿಗೆ ಮಾತು ಕೊಟ್ಟೀನಿ, ಹಂಗಾಮು ಮುಗೀಲಿ," ಎಂದಳು.

ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ ನಾಟಕ ಶುರುವಾಗುವ ಮೊದಲು ಅವಳು ಬಣ್ಣ ಹಚ್ಚಿಕೊಂಡು ಕನ್ನಡಿಯ ಮುಂದೆ ಅಳುತ್ತ ಕೂತುಬಿಟ್ಟಳು. ಮಾತಾಡುವಷ್ಟು ದನಿ ಇತ್ತು, ಹಾಡುವಷ್ಟು ಇರಲಿಲ್ಲ. ಮಾಸ್ತರು ಮಾರೆಮ್ಮನ ಮುಖ ನೋಡಿದರು.

"ನೀ ಹಾಡವ್ವ ಮಾರೆಮ್ಮ. ಹಿಂದ ನಿಂತು ಹಾಡು. ಆಕಿ ಮುಂದ ತುಟಿ ಅಲ್ಲಾಡಸ್ತಾಳ."

"ನಾನೇನ್ರಿ ಮಾಸ್ತರ! ನನ್ನ ದನಿಗೆ ಜನ ಎದ್ದು ಹೋಗ್ತಾರ."

"ಒಬ್ಬ ತಾಯಿ ಮಕ್ಕಳದೀರಿ. ಯಾರಿಗೂ ತಿಳಿಯಂಗಿಲ್ಲ."

ಪರದೆಯ ಹಿಂದೆ ಕತ್ತಲಲ್ಲಿ ನಿಂತು, ಮಾಸ್ತರು ಕೊಟ್ಟ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಮಾರೆಮ್ಮ ಹಾಡಿದಳು. ಎದುರಿಗೆ ಬಟ್ಟೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಆ ಹಂಗಾಮಿನ ಉಳಿದ ನಾಟಕಗಳಲ್ಲೆಲ್ಲ ಹೀಗೇ ನಡೆಯಿತು. ಮಾಸ್ತರು ಮತ್ತು ಅಕ್ಕ ತಂಗಿಯರ ಹೊರತು ಈ ವಿಷಯ ಯಾರಿಗೂ ಗೊತ್ತಾಗಲಿಲ್ಲ. ಮನೆಯಲ್ಲಿ ನಂದಿನಿಗೂ ಹೇಳಲಿಲ್ಲ. ಅವ್ವನಿಗೆ ಹಾಡಲು ಬರುತ್ತಿಲ್ಲ ಅನ್ನುವುದನ್ನು ಮಗಳಿಗೆ ಹೇಳಲು ಹನುಮಮ್ಮ ಒಪ್ಪಲಿಲ್ಲ.

ಯುಗಾದಿಯ ನಂತರ ಆಸ್ಪತ್ರೆಗೆ ಹೋದರು. ಗಂಟಲಲ್ಲಿ ಗಡ್ಡೆ, ಬಹಳ ತಡಮಾಡಿದಿರಿ ಎಂದರು ಡಾಕ್ಟರು. ಕತ್ತಿನ ಮುಂದೆ ತೂತು ಮಾಡಿ ಉಸಿರಾಟಕ್ಕೆ ನಳಿಕೆ ಇಟ್ಟರು. ಆಮೇಲೆ ಹನುಮಮ್ಮ ಮಾತಾಡಲಿಲ್ಲ. ಬೇಕಾದದ್ದನ್ನು ಕೈಸನ್ನೆಯಿಂದ ಕೇಳುವಳು, ಮಗಳನ್ನು ಕರೆಯಲು ಮಂಚದ ಕಾಲಿಗೆ ಬಳೆ ತಟ್ಟುವಳು. ಮುಂದಿನ ಹಂಗಾಮಿನ ಬ್ಯಾನರುಗಳು ಊರಲ್ಲಿ ಬೀಳುವ ಹೊತ್ತಿಗೆ ತೀರಿಕೊಂಡಳು.

ಕೊಳಗಲ್ಲಿನಲ್ಲಿ ತಾಯಿಯ ಮಗ್ಗುಲಲ್ಲಿ ಮಣ್ಣು ಮಾಡಿದರು. ಟಂಟಂ ಆಟೋಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹಳ್ಳಿಯ ಜನ ಬಂದರು. ಹೆಸರು ಗೊತ್ತಿಲ್ಲದ ಗಂಡಸರು ಮಣ್ಣು ಹಾಕುವಾಗ ಮಕ್ಕಳಂತೆ ಅತ್ತರು. ಸಮಾಧಿಗೆ ಹಾಲು ಬಿಡುವ ದಿನವೂ ಜನ ನೆರೆದಿತ್ತು. ಅದಾದ ಮೇಲೆ ಮನೆಯಲ್ಲಿ ಮಾರೆಮ್ಮ, ಪಿಯುಸಿ ಓದುತ್ತಿದ್ದ ನಂದಿನಿ, ಮತ್ತು ಸೀರೆಯ ಪೆಟ್ಟಿಗೆ.

ನಂದಿನಿಯ ಫೋನಿಗೆ ವಿಡಿಯೋಗಳು ಬರತೊಡಗಿದವು. 'ರಂಗದ ಕೋಗಿಲೆಗೆ ಭಾವಪೂರ್ಣ ಶ್ರದ್ಧಾಂಜಲಿ', 'ಮತ್ತೆ ಹುಟ್ಟಿ ಬಾ ಅಂಜನಕ್ಕ'. ಉರಿಯುವ ದೀಪ, ಉದುರುವ ಹೂ, ಹಾರುವ ಬಿಳಿ ಪಾರಿವಾಳ, ನಡುವೆ ಹನುಮಮ್ಮನ ಮುಖ. ಸ್ಟೇಟಸ್ಸಿಗೆ ಹಾಕಿದವರು ಎಷ್ಟು ಜನ ಅನ್ನುವುದು ತಿಳಿಯಲಿಲ್ಲ.

ಅದರಲ್ಲೊಂದು ಬೇರೆ ಇತ್ತು. ಫೋಟೋ ಅಲ್ಲ, ನಾಟಕದ ಕಪ್ಪುಬಿಳುಪು ತುಣುಕು. ಹನುಮಮ್ಮ ಕೂಸನ್ನು ಕಟ್ಟೆಯ ಮೇಲೆ ಮಲಗಿಸುತ್ತಿದ್ದಾಳೆ. ಮಾರೆಮ್ಮ ಫೋನನ್ನು ಕಣ್ಣಿಗೆ ಹತ್ತಿರ ತಂದಳು. ಅಷ್ಟು ವರ್ಷ ಆ ದೃಶ್ಯದಲ್ಲಿ ಅವಳು ಕಂಡಿದ್ದು ತಂಗಿಯ ಬೆನ್ನು, ಜಡೆ, ಬೆವರಿಗೆ ಅಂಟಿದ ಕುಪ್ಪಸ. ಮುಖ ಕಂಡಿರಲಿಲ್ಲ. ಅಳು ತಡೆಯುವಾಗ ತಂಗಿಯ ಎಡಹುಬ್ಬು ಮೇಲೇರುತ್ತಿತ್ತು, ಥೇಟ್ ಅವರ ತಾಯಿಯದರಂತೆ. ಕೂಸಿನ ಹಣೆಗೆ ಮುತ್ತು ಕೊಡಲು ಬಾಗಿ, ಕೊಡದೆ ಎದ್ದುಬಿಡುತ್ತಿದ್ದಳು. ಇದೆಲ್ಲ ಮಾರೆಮ್ಮನಿಗೆ ಗೊತ್ತೇ ಇರಲಿಲ್ಲ.

"ಹಿಂಗ ಮಾಡತಿದ್ದಳೇನು?" ಎಂದು ನಂದಿನಿಯನ್ನೇ ಕೇಳಿದಳು. "ಮುತ್ತು ಕೊಡದನ ಎದ್ದು ಬರತಿದ್ದಳೇನು?"

ಆದರೆ ತುಟಿ ಅಲ್ಲಾಡುತ್ತಿದ್ದರೂ ಕೇಳುತ್ತಿದ್ದದ್ದು ಯಾವುದೋ ಸಿನಿಮಾದ ಶೋಕದ ಹಾಡು, ಗಂಡಸಿನ ದನಿ.

"ಅವ್ವನ ಹಾಡು ತಗದು ಇದನ್ನ ಹಾಕ್ಯಾರ ದೊಡ್ಡವ್ವ," ಎಂದಳು ನಂದಿನಿ. "ಎಲ್ಲಾ ಹಿಂಗ ಅದಾವ. ಒಂದರಾಗೂ ಅವ್ವನ ದನಿ ಇಲ್ಲ."

ಇಬ್ಬರೂ ಮನೆಯನ್ನೆಲ್ಲ ಹುಡುಕಿದರು. ಹನುಮಮ್ಮನ ಫೋನು ಆಸ್ಪತ್ರೆಯ ಗದ್ದಲದಲ್ಲಿ ಕಳೆದುಹೋಗಿತ್ತು. ಯಾವುದೋ ಊರಿನವರು ಹಿಂದೆ ಕೊಟ್ಟಿದ್ದ ಒಂದು ಸಿಡಿ ಸಿಕ್ಕಿತು, ಗೀರು ಬಿದ್ದು ಬೆಳ್ಳಗಾಗಿತ್ತು. ಸ್ಟುಡಿಯೋದವನು ಒಂದು ವಾರ ಇಟ್ಟುಕೊಂಡು ವಾಪಸ್ಸು ಕೊಟ್ಟ. ಗೊತ್ತಿದ್ದ ಹಳ್ಳಿಗಳಿಗೆಲ್ಲ ನಂದಿನಿ ಫೋನು ಮಾಡಿದಳು. ಬಂದ ತುಣುಕುಗಳು ದೂರದಿಂದ ತೆಗೆದವು, ಜನರೇಟರಿನ ಸದ್ದು ಮತ್ತು ಜನರ ಕೂಗು ಬಿಟ್ಟರೆ ಏನೂ ಕೇಳದು.

ಕಪ್ಪುಬಿಳುಪು ವಿಡಿಯೋದ ಕೊನೆಯಲ್ಲಿ ಮಾಡಿದವನ ಹೆಸರಿತ್ತು: ಉಮಾಪತಿ, ಕುರುಗೋಡು. ಮಾರೆಮ್ಮ ಘಟಕಕ್ಕೆ ರಜೆ ಹಾಕಿ ಕುರುಗೋಡಿನ ಬಸ್ಸು ಹತ್ತಿದಳು.

ಉಮಾಪತಿಯದು ಬಸವೇಶ್ವರ ಗುಡಿಗೆ ಹೋಗುವ ದಾರಿಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ. ಹೊತ್ತು ಸಿಕ್ಕಾಗ ಹುಟ್ಟುಹಬ್ಬಕ್ಕೆ, ಸಾವಿಗೆ ವಿಡಿಯೋ ಮಾಡಿಕೊಡುತ್ತಿದ್ದ. ಅಂಜನಾ ಬಳ್ಳಾರಿಯ ಅಕ್ಕ ಎಂದು ತಿಳಿದ ಕೂಡಲೇ ಎದ್ದು ನಿಂತು ತನ್ನ ಸ್ಟೂಲು ಕೊಟ್ಟ.

"ಹಾಡು ಯಾಕ ತಗದ್ಯಪ್ಪ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಸಣ್ಣದಾಯಿತು. "ತಪ್ಪು ತಿಳ್ಕೊಬ್ಯಾಡ್ರಿ ಅಮ್ಮ. ಜನ ಸಿನಿಮಾ ಹಾಡಿದ್ದರ ಮುಂದ ಕಳಸ್ತಾರ. ಅಕ್ಕನ ವಿಡಿಯೋ ಎಲ್ಲಾರಿಗೂ ಮುಟ್ಟಲಿ ಅಂತ ಹಂಗ ಮಾಡಿದೆ. ನಾ ಆಕಿ ಪಾತ್ರ ಭಾಳ ನೋಡೀನ್ರಿ."

"ಮೊದಲಿಂದು ಐತೇನು?"

"ನನ್ನ ಹಂತ್ಯಾಕ ಇಲ್ಲ. ಜಾಗ ತುಂಬಿತ್ತಂತ ಅಳಿಸೀನಿ. ಕಳಿಸಿದಾತನ ಹತ್ರ ಇದ್ದೇ ಇರ್ತೈತಿ. ಸಿರುಗುಪ್ಪದಾಗ ಎರ್ರಿಸ್ವಾಮಿ ಅಂತ, ಅಕ್ಕಿ ಮಿಲ್ಲಿನಾಗ ಹಮಾಲಿ ಮಾಡ್ತಾನ. ಪೂರಾ ಹಾಡು ಐತಿ, ಮುಂದ ನಿಂತು ತಗದಾನ, ದನಿ ಗಾಜಿನಂಗ ಕೇಳತೈತಿ."

ಗಾಜಿನ ಹಾಗೆ ಕೇಳುತ್ತದೆ ಅನ್ನುವ ಮಾತು ಮಾರೆಮ್ಮನನ್ನು ಅಲ್ಲಿ ಕೂರಗೊಡಲಿಲ್ಲ. ಅವನು ತರಿಸಿದ ಚಹಾ ಅರ್ಧ ಕುಡಿದು ಎದ್ದಳು. ಎರ್ರಿಸ್ವಾಮಿಯ ನಂಬರಿಗೆ ಉಮಾಪತಿಯೇ ಫೋನು ಹಚ್ಚಿ ಹೇಳಿದ.

ಸಿರುಗುಪ್ಪ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಮಿಲ್ಲಿನ ಅಂಗಳದಲ್ಲಿ ತೌಡಿನ ಧೂಳು ಹಾರುತ್ತಿತ್ತು. ಎರ್ರಿಸ್ವಾಮಿ ಐವತ್ತರ ಹತ್ತಿರದವನು, ದಪ್ಪ ಕತ್ತು, ತಲೆಗೆ ಸುತ್ತಿದ ಟವೆಲು. ಚೀಲದ ರಾಶಿಯ ನೆರಳಲ್ಲಿ ಖಾಲಿ ಚೀಲ ಹಾಸಿ, ಅದರ ಮೇಲೆ ತನ್ನ ಟವೆಲು ಹಾಸಿ ಅವಳನ್ನು ಕೂರಿಸಿದ.

"ನಮ್ಮವ್ವ ಸತ್ತಾಗ ನಂಗ ಅಳು ಬರ್ಲಿಲ್ಲಕ್ಕ," ಎಂದ. "ಜನ ಎಲ್ಲಾ ಕಲ್ಲಿನಂಥ ಮಗ ಅಂದ್ರು. ಎದಿಯಾಗ ಏನೋ ಹಿಡದಂಗ ಆಗಿತ್ತು, ಉಣ್ಣಾಕ ಆಗತಿರ್ಲಿಲ್ಲ. ಆ ಹಂಗಾಮಿನಾಗ ನಿಮ್ಮ ತಂಗಿ ನಾಟಕಕ್ಕ ಹೋದೆ. ಈ ಹಾಡು ಬಂತು. ಅವತ್ತು ಅತ್ತೆ ನೋಡಕ್ಕ, ಮನಿಗಿ ಹೋಗೋತನ ಅತ್ತೆ. ಮತ್ತ ಮರುದಿನದ ನಾಟಕಕ್ಕೂ ಹೋಗಿ ಮುಂದ ನಿಂತು ಇದನ್ನ ತಗೊಂಡೆ. ಆ ದನಿ ದೇವರ ದನಿ."

ಫೋನನ್ನು ಲುಂಗಿಗೆ ಒರೆಸಿ ಅವಳ ಕೈಗೆ ಕೊಟ್ಟ.

ಇದರಲ್ಲಿ ಬಣ್ಣವಿತ್ತು. ಹನುಮಮ್ಮ ಎಲೆಹಸಿರು ಸೀರೆಯಲ್ಲಿ ರಂಗಕ್ಕೆ ಬಂದಳು. ಆ ಸೀರೆಯ ಗುರುತು ಮಾರೆಮ್ಮನಿಗೆ ಕೂಡಲೇ ಹತ್ತಿತು. ಅದು ಕೊನೆಯ ಹಂಗಾಮಿಗೆಂದು ತಾನೇ ಆರಿಸಿ ತಂದ ಸೀರೆ. ಆ ಹಂಗಾಮು ಪೂರ್ತಿ ಹಾಡಿದವಳು ಯಾರು ಅನ್ನುವುದು ಅವಳಿಗೆ ಗೊತ್ತಿತ್ತು.

ಫೋನಿನಲ್ಲಿ ತಂಗಿ ಬಾಗಿಲು ತಟ್ಟಿ, "ಯಾರರ ಅದೀರೇನ್ರಿ ಒಳಗ?" ಎಂದಳು. ಗಡಿಗೆಯ ಒಡಕು ಚೂರು ತಿಕ್ಕಿದಂಥ ದನಿ. ಅಷ್ಟೇ ಅವಳದು. ಹಾರ್ಮೋನಿಯಂ ಎದ್ದಿತು. ಹಾಡು ಬಂತು, ಸ್ಪಷ್ಟವಾಗಿ, ತುಂಬಿಕೊಂಡು. ಮಾರೆಮ್ಮ ತನ್ನ ದನಿಯನ್ನು ತಾನು ಕೇಳುತ್ತ ಕೂತಳು.

ಹಾಡು ಮುಗಿಯುವ ಮೊದಲೇ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಹೊಟ್ಟೆಯೊಳಗಿಂದ ಬಂದ ಅಳು. ಎರ್ರಿಸ್ವಾಮಿಯೂ ಕಣ್ಣೊರೆಸಿಕೊಂಡ. ಮಿಲ್ಲಿನ ಹೆಂಗಸೊಬ್ಬಳು ಬಂದು ಬೆನ್ನು ಸವರಿದಳು.

"ಅಳಬ್ಯಾಡಕ್ಕ," ಎಂದ ಅವನು. "ದನಿ ಉಳಿದೈತಲ್ಲ. ಎಷ್ಟು ಮಂದಿಗೆ ಇದೂ ಇರಂಗಿಲ್ಲ."

ಅವನಿಗೆ ನಿಜ ಹೇಳಬೇಕೆಂದು ಬಾಯಿ ತೆರೆದಳು. ಟವೆಲು ಹಾಸಿ ಕೂರಿಸಿದ ಅವನ ಮುಖ ನೋಡಿ ಮತ್ತೆ ಮುಚ್ಚಿದಳು. "ನನ್ನ ಮಗಳ ಫೋನಿಗೆ ಕಳಿಸಪ್ಪ," ಎಂದಷ್ಟೇ ಹೇಳಿ ಬಸ್ಸಿಗೆ ಹೊರಟಳು.

ಬಳ್ಳಾರಿಗೆ ಬರುವ ಮೊದಲೇ ವಿಡಿಯೋ ಮನೆ ತಲುಪಿತ್ತು. ನಂದಿನಿ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಸುತ್ತ ಓಣಿಯ ಹೆಂಗಸರು. ಸುಂಕಮ್ಮ, "ಥೇಟ್ ಹನುಮಿ ದನಿ!" ಎಂದು ಬಾಯಿ ಬಡಿದುಕೊಂಡು ಅತ್ತಳು. ನಂದಿನಿ ದೊಡ್ಡವ್ವನನ್ನು ಒಮ್ಮೆ ನೋಡಿ ಮತ್ತೆ ಫೋನಿಗೆ ತಲೆ ಬಗ್ಗಿಸಿದಳು. ಮಾರೆಮ್ಮ ಒಳಗೆ ಹೋಗಿ ಕೈಕಾಲು ತೊಳೆದು ಒಲೆ ಹಚ್ಚಿದಳು.

ಸ್ವಲ್ಪ ದಿನಕ್ಕೆ ಕಲಾವಿದರೆಲ್ಲ ಸೇರಿ ಕಂಟೋನ್ಮೆಂಟಿನ ಒಂದು ಶಾಲೆಯ ಸಭಾಂಗಣದಲ್ಲಿ ನುಡಿನಮನ ಇಟ್ಟುಕೊಂಡರು. ಉಮಾಪತಿ ಕುರುಗೋಡಿನಿಂದ ಬಂದು ಹೊಸ ವಿಡಿಯೋ ಮಾಡಿಕೊಟ್ಟಿದ್ದ. ಈ ಸಲ ಸಿನಿಮಾ ಹಾಡಿರಲಿಲ್ಲ. ಗೋಡೆಯ ಮೇಲಿನ ಬಿಳಿ ಬಟ್ಟೆಯಲ್ಲಿ ಹನುಮಮ್ಮ ಆಳೆತ್ತರ ನಿಂತಳು. ಹಾಡು ಸಭಾಂಗಣ ತುಂಬಿತು. ಮಾರೆಮ್ಮನನ್ನು ಮೊದಲ ಸಾಲಿನಲ್ಲಿ, ನಡುವಿನ ಕುರ್ಚಿಯಲ್ಲಿ ಕೂರಿಸಿದ್ದರು. ಹಿಂದೆ ಜನ ಬಿಕ್ಕುತ್ತಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು ಆ ದನಿಯ ಬಗ್ಗೆ ಮಾತಾಡಿದರು. ಇಂಥ ಕಂಠ ಈ ಸೀಮೆಯಲ್ಲಿ ಮತ್ತೆ ಹುಟ್ಟದು ಎಂದರು. ಹೊಗಳಿದಷ್ಟೂ ಅವಳು ಕುರ್ಚಿಯಲ್ಲಿ ಕುಗ್ಗುತ್ತ ಹೋದಳು. ತಂಗಿಗೆ ಸಲ್ಲಬೇಕಾದ ಕಣ್ಣೀರನ್ನು ತಾನು ಕದ್ದ ಹಾಗೆ ಅನ್ನಿಸಿತು.

ಗಾದಿಲಿಂಗಪ್ಪ ಮಾಸ್ತರಿಗೆ ಎರಡು ಮಾತಾಡಲು ಹೇಳಿದರೆ ಅವರು ಕೈಮುಗಿದು ವೇದಿಕೆ ಇಳಿದುಬಿಟ್ಟರು. ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ಅವಳ ಹತ್ತಿರ ಬಂದರು.

"ಹೇಳಿಬಿಡಲೇನವ್ವ? ನನ್ನ ಎದಿ ಒಡ್ಯಾಕತ್ತೈತಿ. ನಾನ ಮಾಡಿದ್ದು ಇದು."

"ಬ್ಯಾಡ್ರಿ ಮಾಸ್ತರ. ಜನ ಆಕಿನ್ನ ನೆನಸಾಕತ್ಯಾರ. ನಡುವ ನಾ ಯಾಕ ಬರ್ಲಿ?"

"ಆಕಿ ಖರೇ ದನಿ ಹೆಂಗಿತ್ತು ಅನ್ನೋದು ನಮ್ಮಿಬ್ಬರ ಕಿವಿಯಾಗ ಉಳೀತು."

"ನಿಮ್ಮ ಕಿವಿಯಾಗ ಐತೇನ್ರಿ?"

ಮಾಸ್ತರು ಹಾರ್ಮೋನಿಯಂ ಮೇಲೆ ಇಟ್ಟವರಂತೆ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದರು. "ಸ್ವರ ಗೊತ್ತೈತಿ," ಎಂದರು. "ಎಲ್ಲಿ ಏರತಿದ್ದಳು, ಎಲ್ಲಿ ಇಳೀತಿದ್ದಳು ಗೊತ್ತೈತಿ. ದನಿ... ನೀ ಹಾಡಿದ್ದನ್ನ ಇಷ್ಟು ಸಲ ಕೇಳಿದ ಮ್ಯಾಲ ಅದು ಇದರಾಗ ಬೆರತುಬಿಟ್ಟೈತಿ."

ಮಾರೆಮ್ಮನಿಗೂ ಅದೇ ಭಯವಿತ್ತು. ನಂದಿನಿ ಆ ವಿಡಿಯೋವನ್ನು ದಿನಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೋಡುತ್ತಿದ್ದಳು. ಕಾಲೇಜಿನಿಂದ ಬಂದ ಕೂಡಲೇ ಒಮ್ಮೆ, ಉಂಡ ಮೇಲೆ ಒಮ್ಮೆ. ಈ ಹುಡುಗಿ ತಾಯಿಯ ದನಿ ಅಂದುಕೊಂಡು ತನ್ನ ದನಿಯನ್ನು ಎದೆಗೆ ಇಳಿಸಿಕೊಳ್ಳುತ್ತಿದ್ದಾಳೆ ಎಂದುಕೊಳ್ಳುವಳು ಮಾರೆಮ್ಮ. ಗುರುತು ಸಿಕ್ಕೀತೆಂದು ಹೆದರಿ ಅವಳು ಹಾಡುವುದಿರಲಿ, ರೊಟ್ಟಿ ಬಡಿಯುವಾಗ ಗುನುಗುವುದನ್ನೂ ಬಿಟ್ಟಳು. ಹೇಳಿದರೆ ಹುಡುಗಿಯ ಕೈಯಲ್ಲಿದ್ದ ಅಷ್ಟೂ ಹೋಗುತ್ತದೆ. ಹೇಳದಿದ್ದರೆ ತಂಗಿಯೇ ಹೋಗುತ್ತಾಳೆ.

ಒಂದು ಭಾನುವಾರ ಮಧ್ಯಾಹ್ನ ಮಾರೆಮ್ಮ ಪೆಟ್ಟಿಗೆಯ ಸೀರೆಗಳನ್ನು ಬಿಸಿಲಿಗೆ ಹಾಕಿ ಒಳಗೆ ಬಂದಳು. ನಂದಿನಿ ಫೋನು ಹಿಡಿದು ಗೋಡೆಗೆ ಒರಗಿ ಕೂತಿದ್ದಳು. ಇಯರ್‌ಫೋನಿನ ಒಂದು ತುದಿಯೂ ಕಿವಿಯಲ್ಲಿರಲಿಲ್ಲ. ಫೋನಿನಿಂದ ಸದ್ದೂ ಬರುತ್ತಿರಲಿಲ್ಲ. ಅವಳು ಬರಿಯ ಚಿತ್ರ ನೋಡುತ್ತಿದ್ದಳು.

"ದನಿ ಯಾಕ ಬಂದ್ ಮಾಡೀಯವ್ವ?"

ನಂದಿನಿ ತಲೆಯೆತ್ತಲಿಲ್ಲ. "ದಿನಾ ಹಿಂಗ ನೋಡ್ತೀನಿ ದೊಡ್ಡವ್ವ, ಇಯರ್‌ಫೋನ್ ಹಾಕ್ಕೊಂಡಾಗೂ. ಆ ದನಿ ನಿಂದಲ್ಲೇನು?"

ಮಾರೆಮ್ಮ ನಿಂತಲ್ಲೇ ಕೂತಳು.

"ಯಾರು ಹೇಳಿದ್ರು? ಮಾಸ್ತರೇನು?"

"ಯಾರೂ ಹೇಳಿಲ್ಲ. ಹಾಡಿನ ಎರಡನೇ ಸಾಲಿಗೆ ಅವ್ವಗ ಕೆಮ್ಮು ಬಂದೈತಿ. ತುಟಿ ಮುಚ್ಚಿ ನುಂಗ್ತಾಳ ನೋಡು. ಹಾಡು ನಿಲ್ಲಂಗಿಲ್ಲ. ಮೊದಲ ದಿನಾನ ತಿಳೀತು. ನಿನ್ನ ದನಿ ನಂಗ ಗೊತ್ತಿಲ್ಲೇನು? ನೀನ ತೂಗಿ ಮಲಗಿಸಿದ್ದು."

"ಮತ್ತ ಸುಮ್ಮನ ಯಾಕಿದ್ದಿ ಇಷ್ಟು ದಿನ?"

"ನೀನೂ ಸುಮ್ಮನ ಇದ್ದಿಯಲ್ಲ."

ಮಾರೆಮ್ಮ ಹತ್ತಿರ ಸರಿದು ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಎಲ್ಲ ಹೇಳಿದಳು: ಕನ್ನಡಿಯ ಮುಂದೆ ಅತ್ತದ್ದು, ಕತ್ತಲ ಪರದೆ, ಎರಡೂ ಕೈಯಲ್ಲಿ ಹಿಡಿದ ಮೈಕು. ಮುಗಿದ ಮೇಲೆ ನಂದಿನಿಯ ಬೆನ್ನು ಅಳುವಿಗೆ ಅಲುಗತೊಡಗಿತು.

"ಆ ತುಟಿಗೆ ಅವ್ವನ ದನಿ ಕೂಡಸಾಕ ನೋಡ್ತೀನಿ ದೊಡ್ಡವ್ವ. ಬರವಲ್ದು. ಬಳಿ ತಟ್ಟಿದ ಸದ್ದು ನೆನಪೈತಿ. ಅದಕ್ಕಿಂತ ಮೊದಲು ನನ್ನ ಹೆಂಗ ಕರೀತಿದ್ದಳು ಅನ್ನೋದು ಮರತು ಹೋಗಾಕತ್ತೈತಿ. ನೀ ಕರದು ತೋರಸು."

"ನಾ ಕರದರ ಆಕಿ ದನಿ ಹೆಂಗ ಬರ್ತೈತಿ ಮಗಾ?"

"ಹೆಂಗಿತ್ತು ಅಷ್ಟ ತೋರಸು."

ಮಾರೆಮ್ಮ ಕಣ್ಣು ಮುಚ್ಚಿಕೊಂಡಳು. ನಾಟಕ ಮುಗಿಸಿ ಬಂದ ತಂಗಿ, ಮುಖದ ಬಣ್ಣವನ್ನೂ ತೊಳೆಯದೆ, ಚಪ್ಪಲಿ ಬಿಡುತ್ತ ಬಾಗಿಲಲ್ಲೇ ಮಗಳನ್ನು ಕರೆಯುತ್ತಿದ್ದಳು. ಕೊನೆಯನ್ನು ಸ್ವಲ್ಪ ಎಳೆದು, ಮೇಲಕ್ಕೆ ಎತ್ತಿ.

"ನಂದೂ," ಎಂದಳು ಮಾರೆಮ್ಮ.

ನಂದಿನಿ ತಲೆಯಾಡಿಸಿದಳು. "ಹಂಗಲ್ಲ."

"ನಂದೂ..."

"ಹಂಗಲ್ಲ ದೊಡ್ಡವ್ವ. ಇನ್ನೂ ಸಣ್ಣಗ."

ಮತ್ತೆ ಕರೆದಳು. ಗಂಟಲು ಬಿಗಿಹಿಡಿದು ಕರೆದಳು, ಮೂಗಿನಲ್ಲಿ ಕರೆದಳು, ಅಳುತ್ತ ಕರೆದಳು. ಪ್ರತಿ ಸಲವೂ ಅವಳದೇ ದನಿ ಬಂತು. ಜೋಳದ ರೊಟ್ಟಿಯ ಬುಟ್ಟಿ ಹಿಡಿದು ಬಂದ ಸುಂಕಮ್ಮ ಬಾಗಿಲಲ್ಲಿ ನಿಂತಳು. ಹುಡುಗಿ ತೊಡೆಯ ಮೇಲೇ ಇದ್ದಾಳೆ, ಆದರೂ ಮಾರೆಮ್ಮ ಅವಳ ಹೆಸರನ್ನು ಕೂಗುತ್ತಲೇ ಇದ್ದಾಳೆ.

"ಯಾರನ್ನ ಕರ್ಯಾಕತ್ತೀಯವ್ವ ಮಾರೆಮ್ಮ?" ಎಂದಳು.

ಮಾರೆಮ್ಮ ಇನ್ನೊಮ್ಮೆ ಕರೆದಳು. ಸುಂಕಮ್ಮ ಬುಟ್ಟಿಯನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಬಂದು ಕೂತಳು.